ಟಿಪ್ಪುವಿನ ಹುಲಿಯೂ ತಾಂಡೂರಿನ ಮಕ್ಕಳೂ

ಯೂರೋಪಿನ ಮಹಾನಗರಗಳನ್ನು ಕುರಿತ ಪ್ರವಾಸಕಥನಗಳಿಗೆ ಕನ್ನಡದಲ್ಲಿ ಬರವಿಲ್ಲ; ಆದರೆ ಆ ಗ್ರಂಥಕರ್ತರು ಬಹುಮಟ್ಟಿಗೆ ಒಂಟಿಯಾಗಿಯೋ ವಿದ್ವಜ್ಜನರ ಸಂಗಡವೋ ಸಂಚರಿಸಿದವರಾದುದರಿಂದ, ಐದು ವರ್ಷದ ಮೊಮ್ಮಗಳು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ನಡುವೆ, ಲೋಕವಿಖ್ಯಾತವಾದ ಗಡಿಯಾರದ ಗೋಪುರಕ್ಕೆ ಬೆನ್ನುಮಾಡಿ, ತನಗೆ ಹಸಿವಾಯಿತೆಂದು ನೆಲಕ್ಕೆ ಕುಳಿತುಬಿಟ್ಟರೆ ಮಾಡತಕ್ಕದ್ದೇನೆಂಬ ವಿಷಯದಲ್ಲಿ ಅವು ಸಂಪೂರ್ಣ ಮೌನವನ್ನು ತಾಳಿವೆ. ಜಹೀರಾಬಾದಿನಿಂದ ನಾನೂ ನನ್ನ ಪತ್ನಿಯೂ, ತಾಂಡೂರಿಗೆ ಕೊಟ್ಟ ಮಗಳನ್ನೂ ಅವಳ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು, ಲಂಡನ್ನಿನಲ್ಲಿ ಉದ್ಯೋಗದಲ್ಲಿರುವ ಕಿರಿಯ ಮಗನ ಮನೆಗೆ ಬೇಸಗೆಯ ರಜೆಯಲ್ಲಿ ಹೋದಾಗ, ಮಗನು ಸಿದ್ಧಪಡಿಸಿಟ್ಟಿದ್ದ ದರ್ಶನೀಯ ಸ್ಥಳಗಳ ಉದ್ದನೆಯ ಪಟ್ಟಿಯು ಆ ಸೇತುವೆಯ ಮೇಲೆಯೇ ಅರ್ಧಕ್ಕೆ ಇಳಿಯಿತು. ಹೈದರಾಬಾದಿನಿಂದ ಹೊತ್ತುತಂದಿದ್ದ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳ ಗಂಟನ್ನು ನನ್ನ ಪತ್ನಿಯು ಅಲ್ಲಿಯೇ ಬಿಚ್ಚಿದಳು.

ಮಕ್ಕಳೊಡನೆ ಹೋಗುವವರಿಗೆ ಆ ನಗರವು ನಾವೆಣಿಸಿದಷ್ಟು ನಿರ್ದಯವಾದುದಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ತುಂಬದ ಮಕ್ಕಳಿಗೆ, ಹಿರಿಯರ ಜೊತೆಗಿದ್ದಲ್ಲಿ, ನಗರದ ಬಸ್ಸಿಗೂ ಭೂಗರ್ಭ ರೈಲಿಗೂ ಟಿಕೇಟಿಲ್ಲ. 2001ರಿಂದೀಚೆಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಸ್ಥಿರ ಸಂಗ್ರಹಗಳನ್ನು ನೋಡಲು ದೊಡ್ಡವರಿಗೂ ಶುಲ್ಕವಿಲ್ಲ. ಆದರೆ 1863ರಲ್ಲಿ ಆರಂಭವಾದ ಆ ಪುರಾತನ ರೈಲಿನ ಬಹುಪಾಲು ನಿಲ್ದಾಣಗಳಲ್ಲಿ ಮೆಟ್ಟಿಲೇ ಗತಿಯಾದುದರಿಂದ, ಕೈಗೂಸಿನ ತಳ್ಳುಗಾಡಿಯುಳ್ಳವರಿಗೆ ಬಸ್ಸೇ ಶ್ರೇಯಸ್ಕರ. ಎರಡಂತಸ್ತಿನ ಬಸ್ಸಿನ ಮೇಲ್ಭಾಗದ ಮುಂದಿನ ಆಸನವೊಂದು ದೊರೆತರೆ, ರಾಜಪ್ರಾಸಾದವನ್ನು ತೋರಿಸದಿದ್ದರೂ ಮಕ್ಕಳು ಆಕ್ಷೇಪಿಸುವುದಿಲ್ಲ. ಮೇ ಮಾಸದ ಅಂತ್ಯದಲ್ಲಿ ಅಲ್ಲಿ ಸೂರ್ಯನು ರಾತ್ರಿ ಒಂಬತ್ತರವರೆಗೂ ಮುಳುಗುವುದಿಲ್ಲವೆಂಬುದು ಮಾತ್ರ ನಿಜವಾದ ಸಂಕಟ. ಬೆಳಕಿರುವಾಗ ಮಲಗೆಂದರೆ ಯಾವ ಮಗು ಮಲಗೀತು?

ಸೇಂಟ್ ಜೇಮ್ಸ್ ಉದ್ಯಾನದ ಹೆಜ್ಜಾರ್ಲೆಗಳು ನಮಗೆ ಒಂದು ಅಪರಾಹ್ನವನ್ನೇ ಉಳಿಸಿಕೊಟ್ಟವು. 1664ರಲ್ಲಿ ರಷ್ಯಾದ ರಾಯಭಾರಿಯು ಎರಡನೆಯ ಚಾರ್ಲ್ಸ್ ದೊರೆಗೆ ಕಾಣಿಕೆಯಾಗಿ ಕೊಟ್ಟ ಹಕ್ಕಿಗಳಿಂದ ಮೊದಲಾದ ಈ ಪರಂಪರೆಯು ಇಂದಿಗೂ ನಿಂತಿಲ್ಲ. ಎರಡೂವರೆಯ ಸುಮಾರಿಗೆ ಸೇವಕನು ಮೀನಿನ ಬಕೆಟ್ಟನ್ನು ತರುವಾಗ ನಮ್ಮ ಹುಡುಗಿಯು ಹಸಿವನ್ನೂ ನಿದ್ದೆಯನ್ನೂ ಮರೆತಿದ್ದಳು.

ಆದರೆ ನನ್ನ ಮನಸ್ಸನ್ನು ಇಂದಿಗೂ ಹಿಡಿದಿರುವುದು ಬೇರೊಂದು ಪ್ರಾಣಿ. ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಬಿದ್ದಿರುವ ಬಿಳಿಯ ಮನುಷ್ಯನೊಬ್ಬನ ಕಂಠಕ್ಕೆ ಬಾಯಿ ಹಾಕಿ ನಿಂತಿರುವ ಟಿಪ್ಪುವಿನ ಮರದ ಹುಲಿಯ ವಿಷಯವನ್ನು ಓದುಗರು ಅರಿಯದವರಲ್ಲ. ಚಿತ್ರಗಳಲ್ಲಿ ನಾನೂ ಅದನ್ನು ಎಷ್ಟೋ ಸಲ ಕಂಡಿದ್ದೆ. ಆದರೆ ಹತ್ತಿರ ಹತ್ತಿರ ಆರಡಿ ಉದ್ದದ, ಹಳದಿ ಮೈಗೆ ಕಪ್ಪು ಪಟ್ಟೆ ಬಳಿದ ಆ ಮೃಗವನ್ನು ಮೊಳ ದೂರದಿಂದ ನೋಡಿದಾಗ ಮೊದಲು ಬಾಯಿಬಿಟ್ಟವನು ಎಂಟು ವರ್ಷದ ಮೊಮ್ಮಗ.

"ಮುತ್ಯಾ, ಇದು ಒದರ್ತದೇನು?"

ಒದರುತ್ತಿತ್ತು. ಹುಲಿಯ ಹೆಗಲಿನಲ್ಲಿರುವ ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡಿ, ಮನುಷ್ಯನ ಬಾಯಿಂದ ಆರ್ತನಾದವೂ ಹುಲಿಯಿಂದ ಗರ್ಜನೆಯೂ ಹೊರಡುತ್ತಿದ್ದುವಲ್ಲದೆ, ಆ ಹತಭಾಗ್ಯನ ಎಡಗೈ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಇದು ಸಾಲದೆಂಬಂತೆ ಹುಲಿಯ ಪಕ್ಕೆಯ ಬಾಗಿಲನ್ನು ತೆರೆದರೆ ಹದಿನೆಂಟು ದಂತದ ಗುಂಡಿಗಳುಳ್ಳ ಪುಟ್ಟ ವಾದ್ಯವೊಂದು ಕಾಣುತ್ತದೆ. ಯಂತ್ರಭಾಗದಲ್ಲಿ ಫ್ರೆಂಚರ ಕೈವಾಡವಿರಬಹುದೆಂದು ಪಂಡಿತರ ಊಹೆ. 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಬ್ರಿಟಿಷ್ ಜನರಲ್ ಮನ್ರೋನ ಮಗನನ್ನು ಹುಲಿಯೊಂದು ಹೊತ್ತುಕೊಂಡು ಹೋದ ವಾರ್ತೆಯೇ ಟಿಪ್ಪುವಿಗೆ ಇದರ ಕಲ್ಪನೆಯನ್ನು ಕೊಟ್ಟಿತೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ವಿಶ್ವಾಸ ಕಡಮೆ. ಸಿಂಹಾಸನದಲ್ಲಿ ಹುಲಿ, ಸೈನಿಕರ ಉಡುಪಿನಲ್ಲಿ ಹುಲಿಯ ಪಟ್ಟೆ, ಫಿರಂಗಿಯ ಬಾಯಿಯಲ್ಲಿ ಹುಲಿಯ ಮೋರೆ, ಹೀಗೆ ಸರ್ವತ್ರ ವ್ಯಾಘ್ರಮಯವಾಗಿದ್ದ ಆಸ್ಥಾನಕ್ಕೆ ಬಂಗಾಳದಿಂದ ಹುಲಿಯ ಸಮಾಚಾರ ಬರಬೇಕಾಗಿತ್ತೆ?

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಮೇಲೆ ಅರಮನೆಯ ವಾದ್ಯಗಳ ಕೋಣೆಯಲ್ಲಿ ಸಿಕ್ಕಿದ ಈ ಸೋಜಿಗವನ್ನು ಕಂಪನಿಯವರು ಹಡಗಿನಲ್ಲಿ ಸಾಗಿಸಿ, 1808ರಲ್ಲಿ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸಿನ ಗ್ರಂಥಾಲಯದಲ್ಲಿ ಇರಿಸಿದರು. ಆಮೇಲಿನ ವೃತ್ತಾಂತವೇ ನನಗೆ ಅತ್ಯಂತ ಪ್ರಿಯವಾದುದು. ಅಲ್ಲಿ ಬಂದ ಸಾರ್ವಜನಿಕರು, ಅಂದರೆ ಗಡ್ಡಮೀಸೆ ಬೆಳೆದ ದೊಡ್ಡವರೇ, ಬೇಸರವಿಲ್ಲದೆ ಆ ಹಿಡಿಕೆಯನ್ನು ತಿರುಗಿಸುತ್ತಿದ್ದರಂತೆ. ಪಕ್ಕದಲ್ಲಿಯೇ ಸಂಸ್ಕೃತ, ಪಾರಸಿ ಹಸ್ತಪ್ರತಿಗಳ ಮುಂದೆ ತಲೆತಗ್ಗಿಸಿ ಕುಳಿತ ವಿದ್ವಾಂಸರು ದಿನವೆಲ್ಲ ಆ ಅರಚಾಟವನ್ನೂ ಗರ್ಜನೆಯನ್ನೂ ಸಹಿಸಬೇಕಾಗಿತ್ತಂತೆ. ಜನರ ಉತ್ಸಾಹದಿಂದ ಯಂತ್ರವು ಕ್ರಮೇಣ ಜರ್ಝರಿತವಾಯಿತು. ಕಟ್ಟಕಡೆಗೆ ಹಿಡಿಕೆಯೇ ಮಾಯವಾಯಿತು. ಇದು ದೈವಕೃಪೆಯೆಂಬರ್ಥದಲ್ಲಿ ಲಂಡನ್ನಿನ ಪತ್ರಿಕೆಯೊಂದು ಆ ಕಾಲದಲ್ಲಿ ಸಂತೋಷವನ್ನು ಪ್ರಕಟಿಸಿತು. ಆ ಹಿಡಿಕೆ ತಾನಾಗಿಯೇ ಕಳಚಿಬಿದ್ದಿತೆಂದು ನಾನು ನಂಬಲಾರೆ. ವ್ಯಾಕರಣದ ಸೂತ್ರವೊಂದು ಅರ್ಥವಾಗುವ ಹೊತ್ತಿನಲ್ಲಿಯೇ ಹುಲಿ ಗರ್ಜಿಸಿದುದರಿಂದ ರೋಸಿಹೋದ ಯಾವನೋ ಪಂಡಿತನು, ಸಾಯಂಕಾಲ ಮನೆಗೆ ಹೊರಡುವಾಗ, ಅದನ್ನು ತನ್ನ ನಿಲುವಂಗಿಯ ಕಿಸೆಯಲ್ಲಿ ಇಳಿಸಿಕೊಂಡು ಥೇಮ್ಸ್ ನದಿಗೆ ಸಮರ್ಪಿಸಿರಬೇಕೆಂದು ನನ್ನ ಗಾಢವಾದ ಅನುಮಾನ. ಪುರಾವೆ ಕೇಳಬಾರದು.

1880ರಲ್ಲಿ ಹುಲಿಯು ಈ ಸಂಗ್ರಹಾಲಯಕ್ಕೆ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು, ಮೇಲ್ಛಾವಣಿ ಕುಸಿದು, ಚೂರುಚೂರಾಯಿತು. ಆ ಚೂರುಗಳನ್ನು ಕೂಡಿಸಿ ಮತ್ತೆ ನಿಲ್ಲಿಸಿದ್ದು, ಬೇರಾವ ವರ್ಷದಲ್ಲಿಯೂ ಅಲ್ಲ, 1947ರಲ್ಲಿ.

ನನ್ನ ಮಗನು ಇದನ್ನೆಲ್ಲ ವಿವರಿಸುತ್ತ, ನಮ್ಮ ರಾಜನ ಹುಲಿಯನ್ನು ಇಂಗ್ಲಿಷರು ಒಯ್ದರೆಂದು ಮಕ್ಕಳಿಗೆ ಹೇಳುತ್ತಿರುವಾಗ ನಾನು ಕೆಮ್ಮಿದೆನು. ಗಡಿನಾಡಿನ ನಾವು ಈ ವಿಷಯದಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡುವುದು ಒಳ್ಳೆಯದು. 1956ಕ್ಕೆ ಮುಂಚೆ ಜಹೀರಾಬಾದೂ ನಾರಾಯಣಖೇಡವೂ ಬೀದರ ಜಿಲ್ಲೆಗೂ, ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದುವೆಂದು ನಾವು ಇಂದಿಗೂ ನಿಟ್ಟುಸಿರಿಡುತ್ತೇವಷ್ಟೆ. ಆದರೆ ಆ ಬೀದರ, ಗುಲ್ಬರ್ಗಾಗಳು ನಿಜಾಮನ ರಾಜ್ಯದವು, ಮತ್ತು ಶ್ರೀರಂಗಪಟ್ಟಣದ ಕೋಟೆಯನ್ನು ಮುತ್ತಿದ ಸೈನ್ಯದಲ್ಲಿ ಮೀರ್ ಆಲಮನ ಕೈಕೆಳಗೆ ನಿಜಾಮನ ದಂಡೂ ಕಂಪನಿಯ ಪಕ್ಷದಲ್ಲಿಯೇ ನಿಂತಿತ್ತು. ನಮ್ಮ ಸೀಮೆಯ ಸವಾರರು ಆ ದಂಡಿನಲ್ಲಿ ಇದ್ದಿರಲಾರರೆಂದು ಪ್ರಮಾಣಮಾಡಿ ಹೇಳುವವರು ಯಾರು? ಮೊಮ್ಮಗನಿಗೆ ಈ ಇತಿಹಾಸವು ಬೇಕಾಗಿರಲಿಲ್ಲ. ಹುಲಿಯನ್ನು ಒಂದೇ ಒಂದು ಸಲ ಒದರಿಸಲು ಅಲ್ಲಿನ ಕಾವಲಿನವಳನ್ನು ಕೇಳಿನೋಡೆಂದು ಅವನು ತನ್ನ ಮಾಮನ ತೋಳು ಜಗ್ಗುತ್ತಿದ್ದನು. ಆ ಹೆಣ್ಣುಮಗಳು ಬಹು ಸೌಜನ್ಯದಿಂದ, ದಿನಕ್ಕೆ ಎಷ್ಟೋ ಮಕ್ಕಳಿಗೆ ಹೇಳಿ ರೂಢಿಯಾದ ಮುಗುಳ್ನಗೆಯಿಂದ, ತಲೆಯಲ್ಲಾಡಿಸಿದಳು. ಹುಡುಗಿಯು ಮಾತ್ರ ಬಿದ್ದ ಮನುಷ್ಯನ ಕರಿಯ ಟೋಪಿಯನ್ನು ಬಗ್ಗಿ ನೋಡಿ, ಇಷ್ಟೆಲ್ಲ ಆದರೂ ಅದು ಏಕೆ ಬಿದ್ದುಹೋಗಿಲ್ಲವೆಂದು ವಿಚಾರಿಸುತ್ತಿದ್ದಳು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಅಳಿಯನ ಮನೆಯಲ್ಲಿ ಕಲ್ಲಿನ ಪಾಲಿಶ್ ಕೆಲಸವಿರುವುದರಿಂದ ಹುಡುಗನಿಗೆ ನೆಲದ ಮೇಲೆ ಒಂದು ಕಣ್ಣು. ಲಂಡನ್ನಿನ ಕಾಲುದಾರಿಗಳಿಗೆ ಹಾಸಿದ ಯಾರ್ಕ್‌ಷೈರಿನ ಮರಳುಗಲ್ಲನ್ನು ಬೂಟಿನಿಂದ ಉಜ್ಜಿ, "ಇದು ನಮ್ಮದಲ್ಲ" ಎಂದು ಅವನು ಮೊದಲ ದಿವಸವೇ ತೀರ್ಪುಕೊಟ್ಟಿದ್ದನು. ಆದರೆ ಮಗನ ಬಾಡಿಗೆ ಮನೆಯ ಹಿತ್ತಲಿನಲ್ಲಿ ಮಾಲೀಕನು ಹಾಸಿಸಿದ್ದ ನೀಲಿಬೂದು ಬಣ್ಣದ ಚಪ್ಪಡಿಗಳನ್ನು ಕಂಡು ಮಂಡಿಯೂರಿ ಕುಳಿತನು. ಭೀಮಾತೀರದ ಸುಣ್ಣಕಲ್ಲಿನ ಪದರಗಳಿಂದ ಎಬ್ಬಿಸಿದ ಫರ್ಸಿಯನ್ನು ಅಲ್ಲಿಯ ವ್ಯಾಪಾರಿಗಳು ತಾಂಡೂರಿನ ಹೆಸರಿನಲ್ಲಿಯೇ ಮಾರುವರೆಂಬುದು ನಮಗೆ ಕೇಳಿ ಗೊತ್ತಿತ್ತು. ಕಾಲಿಟ್ಟು ತಿಳಿದದ್ದು ಆಗಲೇ.

ಜಹೀರಾಬಾದಿನ ಕಡೆಯ ಶರಣಕುಟುಂಬಗಳವರು ಲಂಡನ್ನಿಗೆ ಹೋಗಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗದೆ ಬಂದರೆ ಊರಿನಲ್ಲಿ ಮುಖ ತೋರಿಸುವುದು ಕಷ್ಟ. ಲ್ಯಾಂಬೆತ್ತಿನ ಮೇಯರರಾಗಿದ್ದ, ಕಲಬುರಗಿ ಸೀಮೆಯವರಾದ ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾಗಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯು ಥೇಮ್ಸ್ ತೀರದ ಸಣ್ಣ ಉದ್ಯಾನದಲ್ಲಿದೆ. ಅನುಭವಮಂಟಪಕ್ಕೂ ಪಾರ್ಲಿಮೆಂಟಿಗೂ ನಂಟು ಕಲ್ಪಿಸುವ ಭಾಷಣಗಳು ನನಗೆ ಸ್ವಲ್ಪ ಅತಿಯೆನಿಸುವುದುಂಟು. ಆದರೂ ನದಿಯ ಗಾಳಿಯಲ್ಲಿ ಅಲ್ಲಿ ನಿಂತಾಗ ಆ ತರ್ಕಬುದ್ಧಿಯು ನನ್ನ ನೆರವಿಗೆ ಬರಲಿಲ್ಲ. ಬಸವಕಲ್ಯಾಣದ 108 ಅಡಿಯ ಬಸವಣ್ಣನನ್ನು ಕಂಡು ಬೆಳೆದ ಮೊಮ್ಮಗನು ಮಾತ್ರ ಎದೆಯವರೆಗಿನ ಆ ಮೂರ್ತಿಯನ್ನು ನೋಡಿ ಬಹಳ ನಿರಾಶನಾದನು.

"ಆಯಿ, ಇಷ್ಟ ಸಣ್ಣವ ಮಾಡ್ಯಾರಲ್ಲ?"

ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದ ನನ್ನ ಪತ್ನಿಯು, ಬೆವರು ಸುರಿಸುತ್ತ ಓಡಿಬರುತ್ತಿದ್ದ ಬಿಳಿಯನೊಬ್ಬನಿಗೆ ದಾರಿಬಿಟ್ಟು, ತಿರುಗಿ ನೋಡದೆಯೇ ಉತ್ತರವಿತ್ತಳು: "ಕಲ್ಯಾಣದಾಗ ಪಾದ ಬಿಟ್ಟು ಏನ್ ಕಾಣ್ತದೋ ನಿನಗ? ಇಲ್ಲಿ ಮಾರಿ ಕಾಣ್ತದ, ನೋಡು." ಅವನು ನೋಡುವಷ್ಟರಲ್ಲಿ ಅವನ ತಂಗಿಯು, ಸೇತುವೆಯ ಕಡೆಯಿಂದ ಕೆಂಪು ಬಸ್ಸು ಬರುತ್ತಿದೆಯೆಂದೂ ಮೇಲಿನ ಮುಂದಿನ ಸೀಟು ಖಾಲಿಯಿದೆಯೆಂದೂ ಕೂಗಿಕೊಂಡು ನಿಲ್ದಾಣದತ್ತ ಧಾವಿಸಿದಳು, ಅವಳ ಹಿಂದೆ ಅವಳ ತಾಯಿ, ತಾಯಿಯ ಹಿಂದೆ ಹುಡುಗ, ಅವನ ಹಿಂದೆ ರೊಟ್ಟಿಯ ಗಂಟಿನೊಡನೆ ನಾನು.