ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ: ಹೆದರಿ ದಿನ ಕಳೆಯಬೇಡಿ

ಕೆಲವು ತಿಂಗಳ ಹಿಂದೆ ಇಶಾ ನಮಾಝ್ ಮುಗಿಸಿ ಹೊರಡುವಾಗ ಜಮಾಅತಿನ ಸಹೋದರರೊಬ್ಬರು ನನ್ನನ್ನು ನಿಲ್ಲಿಸಿದರು. ಅವರ ಮಗನಿಗೆ ಎರಡು ವಾರದಿಂದ ಬಿಡದ ಜ್ವರ, ತಲೆನೋವು, ವಾಂತಿ. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಿ ಮೂರು ದಿನವಾಗಿತ್ತು. "ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಎನ್ನುತ್ತಾರೆ ಮನೆಯವರು. ಏನು ಮಾಡಲಿ ಉಸ್ತಾದ್?" ಎಂದರು.

ನಾನು ವೈದ್ಯನಲ್ಲ. ಅವರೊಂದಿಗೆ ಆಸ್ಪತ್ರೆಗೆ ಹೋಗಿ ಕೇಳಿದ್ದನ್ನು ಮತ್ತು ಬಳಿಕ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೆದುಳು ಮತ್ತು ಬೆನ್ನುಹುರಿಯನ್ನು ಸುತ್ತಿರುವ ಪೊರೆಗೆ ಸೋಂಕು ತಗಲಿ ಉರಿಯೂತವಾಗುವುದೇ ಮೆನಿಂಜೈಟಿಸ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್‌ನಲ್ಲಿ 6 ಜನರಲ್ಲಿ ಒಬ್ಬರು ಸಾಯುತ್ತಾರೆ. ಕ್ಷಯ, ವೈರಸ್ ಮತ್ತು ಶಿಲೀಂಧ್ರದಿಂದಲೂ ಈ ರೋಗ ಬರುತ್ತದೆ. ಹೊರಗೆ ಕಾಣುವ ಲಕ್ಷಣಗಳು ಹೆಚ್ಚುಕಡಿಮೆ ಒಂದೇ, ಆದರೆ ಔಷಧಿ ಬೇರೆ ಬೇರೆ. ಸಾಮಾನ್ಯ ಆಂಟಿಬಯೋಟಿಕ್ ಕ್ಷಯಕ್ಕೆ ನಾಟುವುದಿಲ್ಲ. ಹೀಗಾಗಿ ಯಾವ ರೋಗಾಣು ಎಂದು ತಿಳಿಯುವುದು ಪ್ರಾಣದ ಪ್ರಶ್ನೆ.

ಹಳೆಯ ವಿಧಾನದಲ್ಲಿ ಬೆನ್ನಿನ ನೀರಿನಲ್ಲಿರುವ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸುತ್ತಾರೆ. ಕ್ಷಯದ ರೋಗಾಣು ಬೆಳೆಯಲು ವಾರಗಳೇ ಬೇಕು. ರೋಗಿ ಮೊದಲೇ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಅಥವಾ ಮಾದರಿ ದಾರಿಯಲ್ಲಿ ಬಿಸಿಲಿಗೆ ಕೆಟ್ಟರೆ ಏನೂ ಬೆಳೆಯದಿರಬಹುದು. ಮಾಲಿಕ್ಯುಲರ್ ಪರೀಕ್ಷೆಯಲ್ಲಿ, ಅಂದರೆ ಪಿಸಿಆರ್‌ನಂತಹ ವಿಧಾನದಲ್ಲಿ, ರೋಗಾಣುವಿನ ಡಿಎನ್‌ಎ ಚೂರನ್ನು ಲಕ್ಷಾಂತರ ಪಟ್ಟು ನಕಲು ಮಾಡಿ ಗುರುತಿಸುತ್ತಾರೆ. ಬೀಜ ಮೊಳೆಯುವವರೆಗೆ ಕಾಯುವ ಬದಲು ಅದರ ಸಿಪ್ಪೆಯಿಂದಲೇ ಬೆಳೆ ಯಾವುದೆಂದು ಹೇಳಿದಂತೆ. ರೋಗಾಣು ಸತ್ತಿದ್ದರೂ ಗುರುತು ಸಿಗುತ್ತದೆ.

ಇದರ ಬೆಲೆ ಚೆನ್ನಾಗಿ ತಿಳಿದಿರುವುದು ಆಫ್ರಿಕಾದ ನೈಜರ್‌ನಂತಹ ಬಡ ದೇಶಗಳಿಗೆ. ಸೆನೆಗಲ್‌ನಿಂದ ಇಥಿಯೋಪಿಯಾದವರೆಗಿನ ಪಟ್ಟಿಯಲ್ಲಿ ಒಣಹವೆಯ ತಿಂಗಳುಗಳಲ್ಲಿ ಈ ರೋಗ ಹಬ್ಬುತ್ತದೆ. ದೂರದ ಹಳ್ಳಿಯ ಮಾದರಿ ರಾಜಧಾನಿ ನಿಯಾಮಿಯನ್ನು ತಲುಪುವಷ್ಟರಲ್ಲಿ ರೋಗಾಣು ಸತ್ತಿರುತ್ತದೆ. ಪಿಸಿಆರ್ ಇದ್ದುದರಿಂದ ಅದನ್ನೂ ಗುರುತಿಸಲು ಸಾಧ್ಯವಾಯಿತು. ಯಾವ ತಳಿ ಎಂದು ತಿಳಿದರೆ ಯಾವ ಲಸಿಕೆ ಬೇಕೆಂದೂ ತಿಳಿಯುತ್ತದೆ. ಪುಣೆಯಲ್ಲಿ ತಯಾರಾದ ಅಗ್ಗದ ಲಸಿಕೆ 2010ರಲ್ಲಿ ಅಲ್ಲಿಗೆ ಹೋದ ಮೇಲೆ ಎ ತಳಿ ಬಹುಮಟ್ಟಿಗೆ ಅಡಗಿತು. ಆದರೆ 2015ರಲ್ಲಿ ನೈಜರ್‌ನಲ್ಲಿ ಸಿ ತಳಿ ದೊಡ್ಡದಾಗಿ ಹಬ್ಬಿತು.

ಹಜ್ ಯಾತ್ರಿಕರಿಗೆ ಮೆನಿಂಜೈಟಿಸ್ ಲಸಿಕೆ ಏಕೆ ಕಡ್ಡಾಯವೆಂದು ಹಲವರು ಕೇಳುತ್ತಾರೆ. 1987 ಮತ್ತು 2000ದ ಹಜ್ ಸಮಯದಲ್ಲಿ ಈ ರೋಗ ಹಬ್ಬಿ, ಮರಳಿದವರ ಮೂಲಕ ಹಲವು ದೇಶಗಳಿಗೆ ಹೋಯಿತು. 2000ದಲ್ಲಿ ಬಂದದ್ದು ಡಬ್ಲ್ಯೂ135 ತಳಿ. ಈಗಿನ ಲಸಿಕೆ ಅದನ್ನೂ ಒಳಗೊಂಡಿದೆ.

ನಮ್ಮಲ್ಲಿ ಕ್ಷಯಕ್ಕೆ ಸಿಬಿನಾಟ್ ಎಂಬ ಯಂತ್ರವಿದೆ. ಕಫದಂತೆ ಬೆನ್ನಿನ ನೀರನ್ನೂ ಅದರಲ್ಲಿ ಪರೀಕ್ಷಿಸಬಹುದು. ಸುಮಾರು 2 ಗಂಟೆಯಲ್ಲಿ ಫಲಿತಾಂಶ ಬರುತ್ತದೆ. ರಿಫಾಂಪಿಸಿನ್ ಔಷಧಿ ನಾಟುವುದೇ ಇಲ್ಲವೇ ಎಂಬುದೂ ಗೊತ್ತಾಗುತ್ತದೆ. ಆದರೆ ಬೆನ್ನಿನ ನೀರಿನಲ್ಲಿ ಕ್ಷಯಾಣುಗಳು ತೀರಾ ಕಡಿಮೆ ಇರುವುದರಿಂದ 'ನೆಗೆಟಿವ್' ಬಂದರೂ ಕ್ಷಯ ಇಲ್ಲವೆಂದಲ್ಲ. ಅಂಥ ಸಂದರ್ಭದಲ್ಲೂ ವೈದ್ಯರು ಔಷಧಿ ಕೊಟ್ಟರೆ ಅನುಮಾನಪಟ್ಟು ನಿಲ್ಲಿಸಬಾರದು.

ಇನ್ನು ಸೂಜಿಯ ಭಯ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು. ಯಾರಿಗೆ ಆ ಹೊತ್ತಿಗೆ ಮಾಡಬಾರದೆಂಬುದನ್ನು ವೈದ್ಯರು ಮೊದಲೇ ನೋಡುತ್ತಾರೆ.

ಆ ಹುಡುಗನ ಮನೆಯವರು ಮರುದಿನ ಒಪ್ಪಿದರು. ಕ್ಷಯವೆಂದು ತಿಳಿಯಿತು, ಔಷಧಿ ನಡೆಯುತ್ತಿದೆ. ಮೊನ್ನೆ ತಂದೆಯ ಕೈ ಹಿಡಿದು ಜುಮಾಕ್ಕೆ ಬಂದಿದ್ದ. ಅಲ್‌ಹಮ್ದುಲಿಲ್ಲಾಹ್. ನಡಿಗೆಯಲ್ಲಿ ಇನ್ನೂ ತುಸು ತೂಗಾಟವಿದೆ. ಅದು ಸೂಜಿಯಿಂದಲ್ಲ, ರೋಗದಿಂದ ಎಂದಿದ್ದಾರೆ ವೈದ್ಯರು. "ಆ ಮೂರು ದಿನ ಕಳೆಯದಿದ್ದರೆ?" ಎಂದು ತಂದೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಸಹೋದರ ಸಹೋದರಿಯರೇ, ಜ್ವರದ ಜೊತೆ ಬಿಡದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ದುಆ ಮಾಡೋಣ, ಜೊತೆಗೆ ಪರೀಕ್ಷೆಯನ್ನೂ ಮಾಡಿಸೋಣ.