ಕೀಲೆಣ್ಣೆ ಕಾಯ್ದ ದೇಗುಲ

ಮರಕ್ಕೆ ಮಳೆ ಶತ್ರು, ಬೆಂಕಿ ಶತ್ರು, ಕಾಲವಂತೂ ಪರಮಶತ್ರು. ಹೀಗಿದ್ದೂ ಎಂಟುನೂರು ವರ್ಷಗಳಿಂದ ಹಿಮಮಳೆಗಳಿಗೆ ಮೈಯೊಡ್ಡಿ ನಿಂತಿರುವ ಮರದ ದೇಗುಲವೊಂದು ನಾರ್ವೆ ದೇಶದಲ್ಲಿ ಉಂಟು. ಗುಡ್‌ಬ್ರಾಂಡ್ಸ್‌ಡಾಲ್ ಕಣಿವೆಯ ಏರಿನಲ್ಲಿರುವ ರಿಂಗೆಬು ಇಗರ್ಜಿಯೇ ಅದು.

ಅದರ ಬಳಿಯಲ್ಲೇ ಹಾದುಹೋಗುವ ಹಾದಿ ಸಾಮಾನ್ಯವಾದುದಲ್ಲ. 1030ರಲ್ಲಿ ಸ್ಟಿಕ್ಲೆಸ್ಟಾಡ್ ಕಾಳಗದಲ್ಲಿ ಮಡಿದ ಓಲಾವ್ ದೊರೆ ಮರುವರ್ಷವೇ ಸಂತನೆನಿಸಿದ. ಟ್ರಾಂಡ್‌ಹೈಮ್ ನಗರದ ಆತನ ಸಮಾಧಿಯನ್ನು ಕಾಣಲು ಜನ ಸುಮಾರು ಐದು ಶತಮಾನಗಳ ಕಾಲ ನಡೆದರು. 1537ರಲ್ಲಿ ರಾಜ್ಯವು ಲೂಥರನ ಮತವನ್ನು ಸ್ವೀಕರಿಸಿದ ಮೇಲೆ ಯಾತ್ರೆ ನಿಂತಿತು. ಹಾದಿಯ ಮೇಲೆ ಹುಲ್ಲು ಬೆಳೆಯಿತು. ಆಸ್ಲೋದಿಂದ ಸುಮಾರು 640 ಕಿಲೋಮೀಟರು ಉದ್ದದ ಆ ಮಾರ್ಗ ಯಾತ್ರಿಕರಿಗೆ ಮತ್ತೆ ತೆರೆದುದು 1997ರಲ್ಲಿ.

ರಿಂಗೆಬು ಇಗರ್ಜಿಯ ಹಳೆಯ ಭಾಗ 1220ರ ಸುಮಾರಿನದು. ಅದಕ್ಕೂ ಹಿಂದೆ ಅದೇ ನೆಲದಲ್ಲಿ ಇನ್ನೊಂದು ಮರದ ಇಗರ್ಜಿಯಿತ್ತು. ಅದರ ಕಂಬಗಳನ್ನು ಮಣ್ಣಿನಲ್ಲೇ ಹೂಳಿದ್ದರು. ಹೂತ ಮರ ಕೊಳೆಯದೆ ಇದ್ದೀತೆ? ಪೆಟ್ಟು ತಿಂದ ಬಡಗಿಗಳು ಪಾಠ ಕಲಿತರು. ಕಲ್ಲಿನ ಅಡಿಪಾಯ ಹಾಸಿ, ಅದರ ಮೇಲೆ ಅಡ್ಡತೊಲೆಗಳನ್ನಿಟ್ಟು, ತೊಲೆಗಳ ಮೇಲೆ ಕಂಬಗಳನ್ನು ನಿಲ್ಲಿಸಿದರು. ನೆಲದ ತೇವ ಕಂಬದ ಬುಡ ಮುಟ್ಟಲಿಲ್ಲ. ಹೊರಮೈಗೆ ಪೈನ್ ಮರದ ಬೇರುಗಳನ್ನು ಸುಟ್ಟು ಇಳಿಸಿದ ಕಪ್ಪು ರಸದ ಲೇಪ. ನಮ್ಮ ಎತ್ತಿನ ಗಾಡಿಯ ಕೀಲೆಣ್ಣೆಯ ಬಂಧುವೆನ್ನಬಹುದು. ಕೆಲವು ವರ್ಷಗಳಿಗೊಮ್ಮೆ ಇದನ್ನು ಮತ್ತೆ ಬಳಿಯಲೇಬೇಕು. 1630ರ ಸುಮಾರಿಗೆ ವೆರ್ನರ್ ಊಲ್ಸೆನ್ ಎಂಬ ಬಡಗಿ ಕಟ್ಟಡವನ್ನು ಶಿಲುಬೆಯಾಕಾರಕ್ಕೆ ಹಿಗ್ಗಿಸಿ, ಕೆಂಪು ಗೋಪುರವನ್ನು ಏರಿಸಿದ. ಕಪ್ಪು ಮೈಯ ಮೇಲಿನ ಆ ಕೆಂಪು, ವಿಚಿತ್ರವಾದರೂ ಕಣ್ಣಿಗೆ ಹಿತ.

1980ರ ದಶಕದ ಆರಂಭದಲ್ಲಿ ನೆಲವನ್ನು ಅಗೆದಾಗ ಸುಮಾರು ಒಂಬೈನೂರು ನಾಣ್ಯಗಳು ದೊರೆತವು, ಬಹುಪಾಲು ಮಧ್ಯಯುಗದವು. ಹಲಗೆಗಳ ಸಂದಿನಲ್ಲಿ ಜಾರಿಬಿದ್ದ ಕಾಣಿಕೆಯ ಕಾಸುಗಳಿರಬೇಕು. ಬೀಳಿಸಿಕೊಂಡವರು ಎಷ್ಟು ಪೇಚಾಡಿದರೋ!

ಒಂದು ಕಾಲಕ್ಕೆ ನೂರಾರು ಸಂಖ್ಯೆಯಲ್ಲಿದ್ದ ಇಂಥ ಇಗರ್ಜಿಗಳಲ್ಲಿ ನಾರ್ವೆಯಲ್ಲಿ ಉಳಿದವು 28 ಮಾತ್ರ. ಕೆಡವಿದವರು ಪರಕೀಯರಲ್ಲ. ಊರಿನ ಹತ್ತರಲ್ಲಿ ಮೂರು ಪಾಲು ಜನರಿಗಾದರೂ ಇಗರ್ಜಿಯಲ್ಲಿ ಸ್ಥಳವಿರಬೇಕೆಂದು 1851ರ ಕಾನೂನು ವಿಧಿಸಿದಾಗ, ಭಕ್ತರೇ ಹಳೆಯ ಪುಟ್ಟ ಇಗರ್ಜಿಗಳನ್ನು ಕಿತ್ತು ಹೊಸದನ್ನು ಕಟ್ಟಿದರು. ಇನ್ನು ಬೆರ್ಗೆನ್ ನಗರದ ಬಳಿಯ ಫಾಂಟೊಫ್ಟ್ ಇಗರ್ಜಿಗೆ 1992ರ ಜೂನ್ 6ರಂದು ದುರುಳರು ಬೆಂಕಿಯಿಟ್ಟರು. ಈಗ ಅಲ್ಲಿರುವುದು ಅದರ ಪ್ರತಿಕೃತಿ.

ಮಳೆಯಿಂದ ಕಾಯುವ ಕೀಲೆಣ್ಣೆಯೇ ಕಿಡಿ ಸೋಕಿದರೆ ಉರಿಗೆ ಇಂಧನ. ಆದರೂ ಬಳಿಯದೆ ವಿಧಿಯಿಲ್ಲ. 2001ರಿಂದ 2015ರವರೆಗೆ ನಾರ್ವೆ ಸರಕಾರ ಈ ಇಗರ್ಜಿಗಳ ಜೀರ್ಣೋದ್ಧಾರಕ್ಕೆಂದೇ ಯೋಜನೆಯೊಂದನ್ನು ನಡೆಸಿತು. ಬೇಸಗೆಯ ಬಿಸಿಲೇರಿದಾಗ ಆ ಕಪ್ಪು ಗೋಡೆಗಳು ಘಮಘಮಿಸುತ್ತವೆ. ಬೆನ್ನುಚೀಲ ಹೊತ್ತ ಯಾತ್ರಿಕರು ಒಳಗೆ ಅರೆಗಳಿಗೆ ಕುಳಿತು, ಮತ್ತೆ ಉತ್ತರಕ್ಕೆ ಮುಖಮಾಡುತ್ತಾರೆ.