ವಾರ್ಡಿನ ಕಲಿಕೆ ಮತ್ತು ಜನಪದರ ರೋಗಭಾಷೆ

ಜನಪದ ವೈದ್ಯವೆಂದರೆ ನಾಟಿ ಔಷಧ, ಮಂತ್ರ, ಹರಕೆಗಳೆಂದೇ ಜಾನಪದ ಅಧ್ಯಯನವು ಬಹುಕಾಲ ಭಾವಿಸಿತ್ತು. ಗಿಡಮೂಲಿಕೆಗಳ ಪಟ್ಟಿಗಳು ಬೆಳೆದವು. ಜನರು ತಮ್ಮ ಕಾಯಿಲೆಯನ್ನು ಹೇಳಿಕೊಳ್ಳುವ ಮಾತು ಮಾತ್ರ ಅಷ್ಟಾಗಿ ಸಂಗ್ರಹವಾಗಲಿಲ್ಲ. ಆ ಮಾತನ್ನು ದಿನವೂ ಕೇಳಿ ಬರೆದುಕೊಳ್ಳುವವರು ಬೋಧನಾ ಆಸ್ಪತ್ರೆಯ ವಾರ್ಡುಗಳಲ್ಲಿರುವ ವೈದ್ಯಕೀಯ ವಿದ್ಯಾರ್ಥಿಗಳು.

ಎಂ.ಬಿ.ಬಿ.ಎಸ್. ವ್ಯಾಸಂಗದ ಎರಡನೆಯ ಹಂತದಿಂದ ವಿದ್ಯಾರ್ಥಿಗಳು ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ವಿಭಾಗಗಳಲ್ಲಿ ಸರದಿಯಂತೆ ಕಲಿಯುತ್ತಾರೆ. ಇದಕ್ಕೆ ‘ಪೋಸ್ಟಿಂಗ್’ ಎಂದು ಹೆಸರು. ಅಲ್ಲಿಯ ಮೊದಲ ಪಾಠ ‘ಹಿಸ್ಟರಿ’, ಅಂದರೆ ರೋಗಿಯ ಬಾಯಿಂದ ರೋಗದ ಕಥನವನ್ನು ಪಡೆಯುವುದು. ಮುಖ್ಯ ತೊಂದರೆಯನ್ನು ರೋಗಿಯ ಮಾತಿನಲ್ಲೇ ದಾಖಲಿಸಬೇಕೆಂಬುದು ಇದರ ನಿಯಮ. ಜಾನಪದ ಕ್ಷೇತ್ರಕಾರ್ಯದ ನಿಯಮವೂ ಇದೇ. ಆದರೆ ಕೇಸ್ ಶೀಟನ್ನು ಬರೆಯುವುದು ಇಂಗ್ಲಿಷಿನಲ್ಲಾದ್ದರಿಂದ ನಿಯಮವು ಮೊದಲ ಸಾಲಿನಲ್ಲೇ ಮುರಿಯುತ್ತದೆ.

ತೊಡಕು ಕೇವಲ ಅನುವಾದದ್ದಲ್ಲ. ಅಂಗರಚನಾಶಾಸ್ತ್ರವು ರಕ್ತನಾಳ, ನರ, ಸ್ನಾಯುರಜ್ಜು ಎಂದು ಬೇರ್ಪಡಿಸುವ ಮೂರನ್ನೂ ಆಡುಮಾತು ‘ನರ’ ಎಂದೇ ಕರೆಯುತ್ತದೆ. ‘ನರ ಹಿಡಿದಿದೆ’ ಎಂದ ಮಾತ್ರಕ್ಕೆ ಯಾವುದು ಎಂದು ತಿಳಿಯುವುದಿಲ್ಲ. ಕೈಯಿಟ್ಟು ತೋರಿಸಲು ಕೇಳಬೇಕು. ‘ಹೊರಗಾಗಿದ್ದೇನೆ’ ಎಂಬುದು ಮುಟ್ಟು. ‘ಹೊರಕಡೆಗೆ ಹೋಗುವುದು’ ಮಲವಿಸರ್ಜನೆ. ಒಂದು ಪ್ರತ್ಯಯದ ಅಂತರವನ್ನು ತಿಳಿಯದ ವಿದ್ಯಾರ್ಥಿಯ ಪ್ರಶ್ನೆಗೆ ಬರುವ ಉತ್ತರ ಬೇರೊಂದು ರೋಗದ ಕಡೆಗೆ ಒಯ್ಯಬಲ್ಲದು. ‘ಬಿಳಿಸೆರಗು’ ಎಂಬ ಪದದ ಸಂಕೋಚಪೂರ್ಣ ರೂಪಕವನ್ನು ಸೀರೆಯ ಸೆರಗೆಂದು ಗ್ರಹಿಸಿದರೆ ಮಹಿಳೆಯ ಅಳಲೇ ಕೈತಪ್ಪುತ್ತದೆ. ‘ಮಂಗನಬಾವು’ ಕೆನ್ನೆಯ ಗ್ರಂಥಿ ಊದುವ ಮಕ್ಕಳ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಗುರುತಿಸಲಾದ, ಉಣ್ಣೆಗಳಿಂದ ಹರಡುವ ‘ಮಂಗನಕಾಯಿಲೆ’ ಮಾರಣಾಂತಿಕವಾಗಬಲ್ಲದು. ಮಂಗಗಳ ಸಾವನ್ನು ಕಂಡ ಜನರ ಅವಲೋಕನ ಆ ಹೆಸರಿನಲ್ಲೇ ಉಳಿದಿದೆ.

ಕಾಲಗಣನೆಯ ಮಾತಂತೂ ಇನ್ನೂ ಸ್ವಾರಸ್ಯಕರ. ‘ಎಷ್ಟು ದಿನದಿಂದ?’ ಎಂದರೆ ‘ಯುಗಾದಿ ಕಳೆದ ಮೇಲೆ’, ‘ರಾಗಿ ಕೊಯ್ಲಿನ ಹೊತ್ತಿಗೆ’, ‘ಮಗಳ ಮದುವೆಯಾದ ಮೇಲೆ’ ಎಂಬ ಉತ್ತರಗಳು ಬರುತ್ತವೆ. ಹಾಳೆಯ ಮೇಲೆ ಅವು ‘ಎಂಟು ತಿಂಗಳು’ ಎಂದಾಗುತ್ತವೆ. ಕೊಯ್ಲೆಂದರೆ ಬಾಗಿ ದುಡಿದ ಬೆನ್ನು, ಮದುವೆಯೆಂದರೆ ಸಾಲ ಮತ್ತು ನಿದ್ರೆಗೆಟ್ಟ ರಾತ್ರಿಗಳು. ಅಂಕಿಯಲ್ಲಿ ಇವು ಉಳಿಯುವುದಿಲ್ಲ. ಹಿರಿಯ ಬೋಧಕರು ‘ರೋಗಿ ಮೊದಲು ಪೂರ್ತಿ ಹೇಳಲಿ’ ಎನ್ನುವುದು ಇದಕ್ಕಾಗಿಯೇ. ತುಂಬಿತುಳುಕುವ ಹೊರರೋಗಿ ವಿಭಾಗದಲ್ಲಿ ಅದಕ್ಕೆ ವ್ಯವಧಾನವಿಲ್ಲವೆಂಬುದೂ ಅಷ್ಟೇ ನಿಜ.

ಹೀಗೆ ಪಡೆದ ಕಥನವನ್ನು ವಿದ್ಯಾರ್ಥಿಯು ಹಾಸಿಗೆಯ ಪಕ್ಕದಲ್ಲಿ ಪ್ರಾಧ್ಯಾಪಕರ ಮುಂದೆ ಒಪ್ಪಿಸಬೇಕು. ಹೆಸರು, ವಯಸ್ಸು, ಕಸುಬು, ತೊಂದರೆ, ಅವಧಿ ಎಂಬ ಬದಲಾಗದ ಕ್ರಮದ ಈ ನಿರೂಪಣೆ ಮೌಖಿಕ ಪ್ರದರ್ಶನವೇ ಸರಿ. ಇದರ ಪಟ್ಟುಗಳು ಹಿರಿಯರಿಂದ ಕಿರಿಯರಿಗೆ ಬಾಯಿಮಾತಿನಲ್ಲೇ ದಾಟುತ್ತವೆ. ನೆನಪಿನ ಸೂತ್ರಗಳಿಗೆ ಪಾಠಾಂತರಗಳೂ ಇವೆ. ಕೆಲವು ಅಚ್ಚಿಗೆ ಒಗ್ಗುವಂಥವಲ್ಲ.

2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಆರಂಭಿಕ ತರಗತಿಗಳಲ್ಲಿ ಸ್ಥಳೀಯ ಭಾಷೆಗೆ ಎಡೆ ನೀಡಿತು. ಹೊರರಾಜ್ಯದ ವಿದ್ಯಾರ್ಥಿಗಳಿಗೆ ಇದು ಅಗತ್ಯ, ಕನ್ನಡಿಗರಿಗೂ ಅನಗತ್ಯವೇನಲ್ಲ. ಮೈಸೂರಿನಲ್ಲಿ ಬೆಳೆದವರಿಗೆ ಹುಬ್ಬಳ್ಳಿಯ ವಾರ್ಡಿನಲ್ಲಿ ‘ಜಡ್ಡು’, ‘ಬ್ಯಾನಿ’ಗಳನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಅವನ್ನು ಕಲಿಸುವವರು ಬಹುಮಟ್ಟಿಗೆ ದಾದಿಯರು, ಆಯಾಗಳು ಮತ್ತು ರೋಗಿಯ ಕಾಲ ಬಳಿ ಕುಳಿತ ನೆಂಟರು.